ತುದಿ ಕೆಳಗಾದ ಕಂಬ

ಎಡಗಡೆಯ ಲೋಟದ ನೀರಿನಲ್ಲಿ ನೀಲಿ ಕಂಡಿತು. ಬಲಗಡೆಯದರಲ್ಲಿ ಕಾಣಲಿಲ್ಲ.

ವಂದನಾ ಎರಡೂ ಗಾಜಿನ ಲೋಟಗಳನ್ನು ಜಗುಲಿ ಕಟ್ಟೆಯ ಮೇಲೆ ಬಿಸಿಲಿಗೆ ಸರಿಸಿ, ಹಿಂದೆ ಕಪ್ಪು ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿದಳು. ಕಪ್ಪಿಗೆ ಎದುರಾಗಿ ಎಡಗಡೆಯ ನೀರಿನ ಅಂಚು ನೀಲಿಯಾಗಿ ಹೊಳೆಯಿತು. ಬಲಗಡೆಯದು ತೆಳು ಚಹಾದ ಬಣ್ಣದಲ್ಲೇ ಉಳಿಯಿತು.

"ಇದು ಹೊನ್ನೆ," ಎಂದಳು. "ಇದಲ್ಲ."

ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಚೈತನ್ಯಾಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊನ್ನೆ ಮರದ ಚೂರು ನೆನೆಸಿದ ನೀರು ಬಿಸಿಲಿಗೆ ನೀಲಿ ಬಿಡುವುದನ್ನು ಈ ಕಡೆ ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಎಡಗಡೆಯ ಲೋಟದಲ್ಲಿದ್ದದ್ದು ಅವಳ ಮನೆಯ ಹಳೆಯ ಕಂಬದ ತಲೆಗೆ ಹೊಡೆದಿದ್ದ ಬೆಣೆಯ ಚೂರು. ಕಲ್ಲುಮಣ್ಣಿನ ರಾಶಿಯಲ್ಲಿ ವಂದನಾಳಿಗೆ ಸಿಕ್ಕಿದ್ದು. ಬಲಗಡೆಯದರಲ್ಲಿ ಈಗ ಜಗುಲಿಯಲ್ಲಿ ನಿಂತಿರುವ ಕಂಬದಿಂದಲೇ ಕೆತ್ತಿ ತೆಗೆದ ಸಿಬಿರು.

ಜಗುಲಿಯ ಕಂಬಗಳನ್ನು ಪಾಲಿಶ್ ಮಾಡಿಸಿ ತರುತ್ತೇನೆಂದು ಕಂಟ್ರಾಕ್ಟರ್ ಕಿರಣ್ ಬಿಚ್ಚಿಕೊಂಡು ಹೋಗಿದ್ದ. ತಿರುಗಿ ಬಂದು ನಿಂತ ಕೆಲವೇ ವಾರಗಳಲ್ಲಿ ಅವುಗಳ ಬುಡದಲ್ಲಿ ನುಣ್ಣನೆಯ ಹಿಟ್ಟು ಉದುರತೊಡಗಿತ್ತು. ಹೊನ್ನೆಗೆ ಹುಳ ಹತ್ತುವುದೇ ಎಂಬ ಅನುಮಾನದಿಂದ ಚೈತನ್ಯಾ ಸಾಗರದಿಂದ ವಂದನಾಳನ್ನು ಕರೆಸಿದ್ದಳು. ಮರಗಳ ಪ್ರಯೋಗಾಲಯದ ಕೆಲಸ ಬಿಟ್ಟು ಖಾಸಗಿ ಪತ್ತೆಯ ಕೆಲಸ ಹಿಡಿದಿದ್ದ ವಂದನಾಳಿಗೆ ಇಂಥ ಕೇಸು ಬಂದದ್ದು ಇದೇ ಮೊದಲು.

"ಅಂದ್ರೆ ಮೋಸವೇ," ಎಂದಳು ಚೈತನ್ಯಾ.

"ಇದು ಸಿಲ್ವರ್ ಓಕ್. ಮೇಲೆ ಬಣ್ಣ ಎಳೆದಿದಾರೆ. ಹಳೆಯ ನಾಲ್ಕೂ ಕಂಬ ಬೇರೆಲ್ಲೋ ಇದಾವೆ."

ಚೈತನ್ಯಾ ಕಟ್ಟೆಯ ಮೇಲೆ ಕುಳಿತಳು. ಅವಳ ಹಿಂದೆ ಮನೆ ಬಾಯಿ ತೆರೆದುಕೊಂಡಿತ್ತು. ಅಡುಗೆಮನೆಯ ಗ್ರಾನೈಟ್ ಕಲ್ಲು ಗೋಡೆಗೆ ಒರಗಿಕೊಂಡು ತಿಂಗಳುಗಳಾಗಿದ್ದವು. ಅಡುಗೆ ನಡೆಯುತ್ತಿದ್ದದ್ದು ಪಡಸಾಲೆಯ ಮೂಲೆಯಲ್ಲಿ. ಅಜ್ಜಿಗೆಂದು ಕಟ್ಟಿಸಿದ ಬಚ್ಚಲಿಗೆ ಟೈಲ್ಸ್ ಬಂದಿತ್ತು, ಬಾಗಿಲು ಬಂದಿರಲಿಲ್ಲ. ಅಂಗಳದಲ್ಲಿ ಕಿರಣನ ಸೆಂಟ್ರಿಂಗ್ ಶೀಟುಗಳು ಮತ್ತು ಒಂದು ಸಿಮೆಂಟ್ ಮಿಕ್ಸರು ಬಿದ್ದಿದ್ದವು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದು ಹೋಗುವವರ ಹಾಗೆ ಅವನು ಒಂದೊಂದು ಮನೆಯಲ್ಲಿ ಒಂದೊಂದು ಸಾಮಾನು ಬಿಟ್ಟು ಹೋಗುತ್ತಿದ್ದ. ಅದು ಅಲ್ಲಿರುವ ತನಕ ಬೇರೆ ಕಂಟ್ರಾಕ್ಟರು ಗೇಟು ದಾಟುತ್ತಿರಲಿಲ್ಲ.

ಆದರೂ ಚೈತನ್ಯಾಳ ಮುಖದಲ್ಲಿದ್ದದ್ದು ಬಾಗಿಲಿಲ್ಲದ ಬಚ್ಚಲಿನ ಸಿಟ್ಟಲ್ಲ.

ಕಿರಣ್ ಪಕ್ಕದ ಮನೆಯ ಹುಡುಗ. ತಾಯಿ ಬೇಗ ಹೋಗಿದ್ದರಿಂದ ಅವನು ಹೆಚ್ಚಾಗಿ ಬೆಳೆದದ್ದು ಈ ಜಗುಲಿಯಲ್ಲೇ. ಅಜ್ಜಿ ಕೆರಿಯಮ್ಮ ಚೈತನ್ಯಾಳಿಗೆ ಬಡಿಸುವಾಗ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು. ಚೈತನ್ಯಾಳ ಅಪ್ಪ ದುಗ್ಗಪ್ಪ ಪ್ರತಿ ಯುಗಾದಿಗೂ ಇಬ್ಬರನ್ನೂ ಕಂಬಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಮೊಳೆಯಿಂದ ಗೀರು ಹಾಕುತ್ತಿದ್ದ. ಕಂಬ ಪಾಲಿಶಾಗಿ ಬಂದ ದಿನ ಚೈತನ್ಯಾ ಮೊದಲು ಹುಡುಕಿದ್ದು ಆ ಗೀರುಗಳನ್ನೇ. ರಂದಾ ಹೊಡೆದಾಗ ಹೋದವು, ತಪ್ಪಾಯ್ತು ಕಣೆ ಚೈತು ಎಂದು ಕಿರಣ್ ತಾನೇ ಬೇಸರಪಟ್ಟುಕೊಂಡಿದ್ದ. ಅವಳು ಅವನಿಗೇ ಸಮಾಧಾನ ಹೇಳಿ ಕಳಿಸಿದ್ದಳು.

"ಗುರುವಾರ ಅಜ್ಜಿ ಬರ್ತಾಳೆ," ಎಂದಳು ಈಗ.

ಕೆರಿಯಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಸಾಗರದಲ್ಲಿ ಆಪರೇಶನ್ ಆಗಿ, ಮಗಳು ಕನ್ನಮ್ಮನ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಶರಾವತಿಯ ಹಿನ್ನೀರು ಏರಿದಾಗ ಕೆರಿಯಮ್ಮನ ಗಂಡ, ಚೈತನ್ಯಾಳ ಅಜ್ಜ ಕನ್ನಪ್ಪ, ಮುಳುಗುವ ಊರಿನಿಂದ ಹೊತ್ತು ತಂದದ್ದು ಈ ಕಂಬಗಳನ್ನು ಮಾತ್ರ. ಆ ಊರಿನದು ಎನ್ನಲು ಆ ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಅಜ್ಜಿ ಕಣ್ಣು ಬಿಟ್ಟು ಮನೆಗೆ ಬಂದಾಗ ಕಂಬಗಳು ಅಲ್ಲಿರಬೇಕು. ಪೊಲೀಸು, ಕೋರ್ಟು ಎಲ್ಲ ಆಮೇಲಿನದು. ಚೈತನ್ಯಾ ಕೇಳಿದ್ದು ಅಷ್ಟನ್ನೇ.

ವಂದನಾಳ ಫೋನು ಮೊಳಗಿತು. ಅಪ್ಪ.

ತೀರ್ಥಹಳ್ಳಿಯಲ್ಲಿರುವ ಸುಬ್ಬಣ್ಣ ಮಗಳ ವೃತ್ತಿಯನ್ನು ಎಂದೂ ಇಷ್ಟಪಟ್ಟವರಲ್ಲ. ಆದರೆ ಈ ವಾರ ದಿನವೂ ಫೋನು ಮಾಡಿ ವಿಚಾರಿಸುತ್ತಿದ್ದರು. ಹೊಸನಗರದಲ್ಲಿ ಒಂದು ಮನೆಯ ಕಂಬದ ವಿಷಯ ಎಂದಷ್ಟೇ ಅವಳು ಅವರಿಗೆ ಹೇಳಿದ್ದಳು. ಇವತ್ತು ಎಲ್ಲಿಗೆ ಹೋಗುತ್ತೀಯೆಂದು ಕೇಳಿದರು. ಕಂಟ್ರಾಕ್ಟರನನ್ನು ಹುಡುಕಿಕೊಂಡು ಎಂದಳು.

"ನಾಕು ಕಂಬಕ್ಕೆ ಇಷ್ಟೆಲ್ಲ ಎಂತಕ್ಕೆ ಕೂಸೆ? ಅದ್ರಲ್ಲಿ ಎಂತದೂ ಇಲ್ಲೆ. ಬಿಟ್ಟು ಮನೆಗೆ ಬಾ."

ಸಂಜೆ ಬರುತ್ತೇನೆಂದು ಹೇಳಿ ಫೋನಿಟ್ಟಳು. ಅವಳ ಮನಸ್ಸು ಕಂಬದ ಮೇಲಿತ್ತು.

ಅವಳು ಎದ್ದು ಒಂದೊಂದು ಕಂಬದ ಸುತ್ತಲೂ ಭೂತಗನ್ನಡಿ ಹಿಡಿದು ನಿಧಾನವಾಗಿ ಸುತ್ತಿದಳು. ಎಂಟು ಮುಖದ ಕಂಬಗಳು. ಮೇಲೂ ಕೆಳಗೂ ಒಂದೇ ಥರದ ಬಳೆಗಳ ಕೆತ್ತನೆ, ಯಾವ ಕಡೆಯಿಂದ ನಿಲ್ಲಿಸಿದರೂ ಒಂದೇ. ಕೆಲಸ ಮಾಡಿದವನ ಕೈ ಚೆನ್ನಾಗಿತ್ತು. ಹಳೆಯ ಫೋಟೋದಲ್ಲಿದ್ದ ಅಳತೆಗೆ ಎಲ್ಲೂ ವ್ಯತ್ಯಾಸವಿರಲಿಲ್ಲ.

ನಾಲ್ಕನೆಯ ಕಂಬದ ಹತ್ತಿರ ಅವಳು ಮಂಡಿಯೂರಿ ಕುಳಿತಳು. ಎದ್ದು ಮೂರನೆಯದಕ್ಕೆ ಹೋದಳು. ಮತ್ತೆ ನಾಲ್ಕನೆಯದಕ್ಕೆ ಬಂದಳು.

ಮರದಿಂದ ಕೊಂಬೆ ಹೊರಡುವುದು ಮೇಲ್ಮುಖವಾಗಿ. ಮರವನ್ನು ಸೀಳಿ ಕಂಬ ಮಾಡಿದರೂ ಗಂಟಿನಲ್ಲಿ ಆ ಓರೆ ಉಳಿದಿರುತ್ತದೆ. ಮೊದಲ ಮೂರು ಕಂಬಗಳಲ್ಲಿ ಗಂಟುಗಳು ಮೇಲಕ್ಕೆ ಓರೆಯಾಗಿದ್ದವು. ನಾಲ್ಕನೆಯದರಲ್ಲಿ ಒಂದೊಂದೂ ಕೆಳಕ್ಕೆ.

"ಚೈತನ್ಯಾ, ಇಲ್ಲಿ ಬನ್ನಿ. ಈ ಕಂಬದ ಬುಡ ಮೇಲಿದೆ. ತುದಿ ಕೆಳಗಿದೆ."

ಮಲೆನಾಡಿನ ಯಾವ ಆಚಾರಿಯೂ ಹೀಗೆ ನಿಲ್ಲಿಸುವುದಿಲ್ಲ. ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು. ತುದಿ ಕೆಳಗಾಗಿ ನಿಂತ ಕಂಬದ ಮನೆಯಲ್ಲಿ ಜನ ನೆಲೆ ನಿಲ್ಲುವುದಿಲ್ಲ ಎಂಬ ನಂಬಿಕೆಯಲ್ಲಿ ಬುಡಕ್ಕೆ ಮೊದಲೇ ಗುರುತು ಹಾಕಿಟ್ಟುಕೊಳ್ಳುತ್ತಾರೆ. ಮೂರು ಕಂಬಕ್ಕೆ ಅಷ್ಟು ಎಚ್ಚರ ವಹಿಸಿದವನು ನಾಲ್ಕನೆಯದಕ್ಕೆ ಮರೆತಾನೆಯೇ ಎಂದು ಯೋಚಿಸುತ್ತಾ ಅವಳು ತಿರುಗಿ ನೋಡಿದಳು.

ಚೈತನ್ಯಾ ಬಾಯಿಗೆ ಕೈ ಹಿಡಿದು ನಿಂತಿದ್ದಳು.

"ಹಳೇದೂ ಹಂಗೇ ಇತ್ತು," ಎಂದಳು.

ಆಮೇಲೆ ಅವಳು ಹೇಳಿದ ಕಥೆ ಚಿಕ್ಕದು. ನೀರು ಏರುತ್ತಿದ್ದಾಗ ಕಂಬ ಬಿಚ್ಚಿ ತಂದ ಅಜ್ಜ, ಮಳೆ ಜೋರಾಗುವ ಮೊದಲು ಮಾಡು ಏರಿಸಬೇಕೆಂದು ಆಚಾರಿಗೆ ಕಾಯದೆ ತಾನೇ ಕಂಬ ನಿಲ್ಲಿಸಿದ್ದ. ನಾಲ್ಕನೆಯದು ತಲೆಕೆಳಗಾದದ್ದು ಗೊತ್ತಾಗಿದ್ದು ಮಾಡಿಗೆ ಹೆಂಚು ಕೂತ ಮೇಲೆ. ದೇವರಲ್ಲಿ ಕೇಳಿಸಿದಾಗ, ನಿಂತದ್ದನ್ನು ತಿರುಗಿಸಬೇಡಿ, ಹಾಗೆಯೇ ನಡೆಸಿಕೊಂಡು ಹೋಗಿ ಎಂದು ಅಪ್ಪಣೆಯಾಯಿತಂತೆ. ಗಂಟು ಕಾಣದಿರಲೆಂದು ಕಂಬಗಳಿಗೆ ಬಣ್ಣ ಬಳಿಸಿದರು. ಅಂದಿನಿಂದ ಪ್ರತಿ ಭೂಮಿ ಹುಣ್ಣಿಮೆಗೂ ಕೆರಿಯಮ್ಮ ಆ ಕಂಬದ ಬುಡಕ್ಕೆ ಕೆಮ್ಮಣ್ಣು ಬಳಿದು ಕೈ ಮುಗಿಯುತ್ತಾಳೆ.

"ಯಾರಿಗೆಲ್ಲ ಗೊತ್ತು?"

"ಅಪ್ಪಂಗೆ ಗೊತ್ತಿತ್ತು. ಅಪ್ಪ ಈಗಿಲ್ಲ. ಅಜ್ಜಿಗೆ, ನಂಗೆ. ಹೊರಗೆ ಬಾಯಿ ಬಿಡಬಾರ್ದು ಅಂತ ಅಜ್ಜಿ ಆಣೆ ಹಾಕ್ಸಿದ್ಲು. ಕನ್ನಮ್ಮತ್ತೆಗೂ ಗೊತ್ತಿಲ್ಲ."

ವಂದನಾ ಭೂತಗನ್ನಡಿಯನ್ನು ಒರೆಸಿ ಚೀಲಕ್ಕೆ ಹಾಕಿದಳು. ಒರೆಸಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಹಳೆಯ ಕಂಬದ ಬಣ್ಣ ಕೆರೆದಾಗ ಗಂಟುಗಳು ಕಿರಣನಿಗೂ ಕಂಡಿರಬಹುದು. ಕಂಡರೂ, ನಕಲಿಯನ್ನೂ ತಲೆಕೆಳಗೇ ನಿಲ್ಲಿಸುವ ಅಗತ್ಯ ಅವನಿಗಿರಲಿಲ್ಲ. ಪಾಲಿಶ್ ಬಳಿದ ಕಂಬದಲ್ಲಿ ತುದಿ ಯಾವುದು ಬುಡ ಯಾವುದು ಎಂದು ಮನೆಯವರು ನೋಡುವುದಿಲ್ಲ. ಮೋಸಕ್ಕೆ ಬೇಕಾದದ್ದು ಆಕಾರ ಮತ್ತು ಬಣ್ಣ, ಅವೆರಡೂ ಇದ್ದವು. ಒಪ್ಪದ ಆಚಾರಿಯನ್ನು ಒಪ್ಪಿಸಿ ಈ ಒಂದು ಕಂಬವನ್ನು ಹೀಗೆ ನಿಲ್ಲಿಸಿದ್ದು ಕಣ್ಣು ತಪ್ಪಿಸಲಿಕ್ಕಲ್ಲ. ಯಾರೋ ಹೀಗೇ ಆಗಬೇಕೆಂದು ಹೇಳಿದ್ದರು, ಅವನು ಆ ಮಾತು ನಡೆಸಿಕೊಟ್ಟಿದ್ದ.

ಹೇಳಬಲ್ಲವರು ಇಬ್ಬರು. ಒಬ್ಬಳು ಎದುರಿಗೇ ನಿಂತಿದ್ದಳು.

"ಅಪ್ಪನೇ ಯಾವಾಗ್ಲೋ ಕಿರಣಂಗೆ ಹೇಳಿರಬೇಕು," ಎಂದಳು ಚೈತನ್ಯಾ ಅವಸರದಿಂದ. "ಅಪ್ಪಂಗೆ ಅವನು ಅಂದ್ರೆ ಮಗನ ಹಂಗೆ."

ಇರಬಹುದು ಎಂದಳು ವಂದನಾ. ಉಳಿದದ್ದನ್ನು ಹೇಳಲಿಲ್ಲ. ಕಿರಣನಿಗೆ ಫೋನು ಮಾಡಿ, ಮಾತನ್ನು ಉದ್ದ ಎಳೆಯಿರಿ ಎಂದಳು.

ಆಶ್ಚರ್ಯವೆಂಬಂತೆ ಅವನು ಎತ್ತಿದ. ಸಾಗರದಲ್ಲಿ ಒಂದು ಸ್ಲ್ಯಾಬು ಹಾಕಿಸುತ್ತಿದ್ದಾನೆ, ಕೈ ಬಿಡುವಿಲ್ಲ, ನಾಳೆ ಬಚ್ಚಲ ಬಾಗಿಲು ಗ್ಯಾರಂಟಿ ಎಂದ. ಚೈತನ್ಯಾ ಗ್ರಾನೈಟಿನ ಬಗ್ಗೆ ಕೇಳಿದಳು, ನೀರಿನ ಪೈಪಿನ ಬಗ್ಗೆ ಕೇಳಿದಳು. ಸ್ಪೀಕರಿನಲ್ಲಿ ಅವನ ಮಾತಿನ ಹಿಂದೆ ಒಂದು ಸದ್ದು ಬಿಡದೆ ಬರುತ್ತಿತ್ತು. ಸಾವಿರ ಗಂಟಲುಗಳು ಒಟ್ಟಿಗೆ ಕರಕರ ಎನ್ನುವ ಸದ್ದು, ನಡುನಡುವೆ ರೆಕ್ಕೆ ಬಡಿತ.

ಫೋನು ಇಟ್ಟ ಮೇಲೆ ವಂದನಾ ಕೇಳಿದಳು, "ಸಾಗರದಲ್ಲಿ ಬೆಳ್ಳಕ್ಕಿಗಳು ಯಾವಾಗಿನಿಂದ ಗೂಡು ಕಟ್ತಾ ಇವೆ?"

ಈ ತಿಂಗಳಲ್ಲಿ ಅಷ್ಟು ಹಕ್ಕಿಗಳು ಒಟ್ಟಿಗೆ ಕೂಗುವುದು ಈ ಸುತ್ತಿನಲ್ಲಿ ಒಂದೇ ಕಡೆ, ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ಮರಗಳ ಮೇಲೆ.

*

ತೀರ್ಥಹಳ್ಳಿಯ ಪೇಟೆ ದಾಟುವ ಮೊದಲು ಅವರು ಮಂಜುನಾಥಪ್ಪ ಎಂಬವರ ಗೇಟಿನ ಮುಂದೆ ನಿಂತರು. ಅಲ್ಲಿಯೂ ಕಿರಣನ ಸೆಂಟ್ರಿಂಗ್ ಶೀಟುಗಳು ಬಿದ್ದಿದ್ದವು. ಅವನ ಹೆಸರು ಬರೆದ ಬೋರ್ಡು ಗೇಟಿಗೆ ತೂಗುತ್ತಿತ್ತು.

ಅವನ ಹೆಸರೆತ್ತಿದ್ದೇ ತಡ ಮಂಜುನಾಥಪ್ಪ ಇಬ್ಬರನ್ನೂ ಮನೆಯ ಪಕ್ಕಕ್ಕೆ ಕರೆದೊಯ್ದು ತೋರಿಸಿದರು. ಹೊರಗೋಡೆಗೆ ಅಂಟಿಕೊಂಡು ಚಂದದ ಮೆಟ್ಟಿಲುಗಳು ಏರಿದ್ದವು. ಸ್ಟೀಲಿನ ರೇಲಿಂಗೂ ಇತ್ತು. ಮೇಲೆ ಮಹಡಿ ಇರಲಿಲ್ಲ.

"ಹತ್ತಿದ್ರೆ ಸೀದಾ ಆಕಾಶ," ಎಂದರು. "ಬಂದೋರಿಗೆಲ್ಲ ಕಾಫಿ ಅಲ್ಲೇ ಕೊಡ್ತೀನಿ ಈಗ."

ಆದರೂ ಅವರು ಬೈಯಲಿಲ್ಲ. ಹುಡುಗ ಕೆಟ್ಟವನಲ್ಲ, ಒಪ್ಪಿಕೊಂಡ ಕೆಲಸ ಹೆಚ್ಚಾಯಿತು ಎಂದರು. ನಾಳೆ ಎನ್ನುವಾಗ ಅವನಿಗೆ ನಿಜವಾಗಿಯೂ ನಾಳೆ ಬರುವ ಮನಸ್ಸಿರುತ್ತದೆಯಂತೆ. ಮಂಡಗದ್ದೆಯಲ್ಲಿ ಹಳೆಯ ಅಕ್ಕಿ ಗಿರಣಿಯ ಹಿಂದೆ ಅವನದೊಂದು ಶೆಡ್ಡಿದೆ, ಪಾಲಿಶ್ ಕೆಲಸವೆಲ್ಲ ಅಲ್ಲೇ ಎಂದು ದಾರಿ ಹೇಳಿದರು.

ಕಾರಿನಲ್ಲಿ ವಂದನಾ ಓರೆಗಣ್ಣಿನಲ್ಲಿ ಚೈತನ್ಯಾಳನ್ನು ಗಮನಿಸುತ್ತಿದ್ದಳು. ಇವಳೇ ಹೇಳಿದ್ದರೆ ನನ್ನನ್ನು ಕರೆಸುತ್ತಿರಲಿಲ್ಲ. ಇವಳಲ್ಲದಿದ್ದರೆ ಉಳಿಯುವುದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿರುವ ಮುದುಕಿ. ಎರಡೂ ಉತ್ತರ ಅವಳಿಗೆ ಹಿಡಿಸಲಿಲ್ಲ. ಪ್ರಯೋಗಾಲಯದಲ್ಲಿ ಹೀಗಾದಾಗ ಅವಳು ಮತ್ತೊಮ್ಮೆ ಮೊದಲಿನಿಂದ ಅಳೆಯುತ್ತಿದ್ದಳು. ಇಲ್ಲಿ ಅಳೆಯಬೇಕಾದದ್ದು ಒಬ್ಬ ಮನುಷ್ಯನನ್ನು.

"ನಮ್ಮ ಅಜ್ಜನ ಊರೂ ಶರಾವತಿ ಹಿನ್ನೀರಲ್ಲೇ ಮುಳುಗಿದ್ದು," ಎಂದಳು ಏನಾದರೂ ಹೇಳಬೇಕೆಂದು. "ಅಪ್ಪ ಆಗ ಹುಡುಗ. ಅದರ ಮಾತೇ ಆಡಲ್ಲ."

"ಯಾರೂ ಆಡಲ್ಲ," ಎಂದಳು ಚೈತನ್ಯಾ.

*

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಹೊಳೆಯ ಕಡೆಯಿಂದ ಹಕ್ಕಿಗಳ ಗದ್ದಲ ಕಿವಿ ತುಂಬುತ್ತಿತ್ತು. ಒಳಗೆ ವಾರ್ನಿಶಿನ ವಾಸನೆ.

ಕಿರಣ್ ಒಬ್ಬನೇ ಇದ್ದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಒಂದು ಹಲಗೆಯ ಮೇಲೆ ಬಗ್ಗಿದ್ದವನು ತಲೆಯೆತ್ತಿದ. ಒಂದು ಗಳಿಗೆ ಮುಖ ಬಿಳಿಚಿತು, ಮರುಗಳಿಗೆಗೆ ನಗು ಬಂತು.

"ಓಹೋ, ಟೀಚರ್ರು. ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ ಮಾರಾಯ್ತಿ."

"ಮಾಡಿದ್ದೆ. ನೀನು ಸಾಗರದಲ್ಲಿದ್ದೆ."

ಅವನು ನಕ್ಕ. ಅಲ್ಲಿಂದ ಈಗಷ್ಟೇ ಬಂದದ್ದು ಎಂದ. ಸ್ಟೂಲು ಸರಿಸಿ ಕೂರಲು ಹೇಳಿದ, ಚಹಾ ತರಿಸುತ್ತೇನೆಂದ. ಯಾರೂ ಕೂರಲಿಲ್ಲ.

ವಂದನಾ ತನ್ನ ಪರಿಚಯ ಹೇಳಿ, ಚೀಲದಿಂದ ಎರಡು ಚಿಕ್ಕ ಬಾಟಲಿ ತೆಗೆದು ಕಿಟಕಿಯ ಬಿಸಿಲಿಗೆ ಇಟ್ಟಳು. ಯಾವುದು ಬೆಣೆಯ ನೀರು, ಯಾವುದು ಕಂಬದ ನೀರು ಎಂದು ತಿಳಿಸಿದಳು. ಅವನು ಬಗ್ಗಿ ನೋಡಿದ. ಹಳೆಯ ಮರ ಬಣ್ಣ ಬಿಡುವುದಿಲ್ಲ ಮೇಡಂ ಎಂದ. ಬೆಣೆಯೂ ಅಷ್ಟೇ ಹಳೆಯದು ಎಂದಳು. ಪಾಲಿಶಿನ ರಸಾಯನದಿಂದ ಹಾಗಾಗಿರಬೇಕು ಎಂದ. ಸಿಬಿರು ತೆಗೆದದ್ದು ಪಾಲಿಶ್ ತಲುಪದಷ್ಟು ಒಳಗಿನಿಂದ ಎಂದಳು. ಅವನು ಹೆಗಲು ಕುಣಿಸಿ ಚೈತನ್ಯಾಳ ಕಡೆ ತಿರುಗಿದ.

"ನೀನು ನನ್ನ ನಂಬ್ತೀಯೋ, ಈ ಬಾಟ್ಲಿನ ನಂಬ್ತೀಯೋ?"

ಚೈತನ್ಯಾ ಅವನ ಮಾತು ಕೇಳುತ್ತಿರಲಿಲ್ಲ. ಅವಳು ಶೆಡ್ಡಿನ ಹಿಂಗೋಡೆಯ ಕಡೆ ನಡೆಯುತ್ತಿದ್ದಳು. ಅಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕಂಬಳಿ ಸುತ್ತಿ ಹಗ್ಗ ಕಟ್ಟಿದ ಏನೋ ಉದ್ದಕ್ಕೆ ಮಲಗಿತ್ತು.

"ಚೈತು, ಅದು ಬೇರೆಯವರದ್ದು."

ಅವಳು ಹಗ್ಗ ಸಡಿಲಿಸಿ ಕಂಬಳಿ ಸರಿಸಿದಳು.

ಬಣ್ಣ ಕಳಚಿದ ಹೊನ್ನೆ ಕಂದು ಚಿನ್ನದ ಹಾಗೆ ಹೊಳೆಯುತ್ತಿತ್ತು. ಎಂಟು ಮುಖ, ಎರಡೂ ತುದಿಗೆ ಬಳೆ. ಒಂದು ಮುಖದ ಮೇಲೆ ಮೊಳೆಯ ಗೀರುಗಳು ಏಣಿಯ ಮೆಟ್ಟಿಲಿನ ಹಾಗೆ ಜೋಡಿಜೋಡಿಯಾಗಿದ್ದವು. ಒಂದರ ಪಕ್ಕ ಚೈ, ಒಂದರ ಪಕ್ಕ ಕಿ. ಪಾಲಿಶ್ ಮಾಡಿದವನು ಅಷ್ಟು ಜಾಗಕ್ಕೆ ರಂದಾ ತಾಗಿಸಿರಲಿಲ್ಲ. ಸುತ್ತಲೂ ಮಾಡಿ, ಗೀರುಗಳನ್ನು ಹಾಗೆಯೇ ಉಳಿಸಿದ್ದ.

ಚೈತನ್ಯಾ ಎಲ್ಲಕ್ಕಿಂತ ಮೇಲಿನ ಗೀರಿನ ಮೇಲೆ ಬೆರಳಿಟ್ಟಳು.

"ರಂದಾ ಹೊಡೆದಾಗ ಹೋಯ್ತು ಅಂದೆ."

ಕಿರಣ್ ಎರಡು ಹೆಜ್ಜೆ ಮುಂದೆ ಬಂದು ನಿಂತ.

"ನಾನು ಅವತ್ತು ನಿಂಗೇ ಸಮಾಧಾನ ಮಾಡಿದ್ದೆ ಕಿರಣಾ. ಹೋಗ್ಲಿ ಬಿಡು, ಅಳತೆ ಹೋದ್ರೆ ನಾವೇನು ಕುಳ್ಳಗಾಗಲ್ಲ ಅಂದಿದ್ದೆ. ನೀನು ನಕ್ಕಿದ್ದೆ."

"ಚೈತು..."

"ಬಚ್ಚಲಿಗೆ ಬಾಗಿಲಿಲ್ಲ. ಸೀರೆ ಅಡ್ಡ ಕಟ್ಕೊಂಡು ಸ್ನಾನ ಮಾಡ್ತಾ ಇದೀನಿ. ಅದಕ್ಕೆ ಒಂದು ಮಾತು ಅಂದಿದೀನಾ? ಊರವರೆಲ್ಲ ನಿನ್ನ ಬೈದ್ರೆ, ಹಂಗಲ್ಲ ಅವನು ಅಂತ ನಾನೇ ಹೇಳ್ಕೊಂಡು ಬಂದೆ." ಅವಳ ದನಿ ಏರಲಿಲ್ಲ, ತರಗತಿಯಲ್ಲಿ ಲೆಕ್ಕ ಬಿಡಿಸುವಂತೆ ಸಮವಾಗಿಯೇ ಇತ್ತು. "ನಮ್ಮನೇಲಿ ಉಂಡವನು ನೀನು."

ಕಿರಣ್ ಕಿವಿಯಿಂದ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ.

"ಉಂಡಿದ್ದಕ್ಕೇ ಮಾಡಿದ್ದು," ಎಂದ.

ವಂದನಾ ಇದಕ್ಕೇ ಕಾಯುತ್ತಿದ್ದಳು. "ನಾಲ್ಕನೆಯ ನಕಲಿ ಕಂಬವನ್ನ ತುದಿ ಕೆಳಗೆ ಮಾಡಿ ನಿಲ್ಲಿಸಿದೀರಿ. ಆಚಾರಿ ಒಪ್ಪಿದ್ನಾ?"

ಅವನು ಅವಳನ್ನು ಮೊದಲ ಸಲ ನೇರವಾಗಿ ನೋಡಿದ. "ಒಬ್ಬ ಕೆಲಸ ಬಿಟ್ಟೇ ಹೋದ."

"ಆದರೂ ಮಾಡಿಸಿದಿರಿ. ನಿಮಗೆ ಅದರಿಂದ ಏನೂ ಲಾಭ ಇರಲಿಲ್ಲ. ಯಾರು ಹೇಳಿದ್ದು?"

"ಮೇಡಂ, ನನ್ನ ಪೊಲೀಸಿಗೆ ಕೊಡಿ. ಕಂಬ ಕದ್ದೆ ಅಂತ ಬರ್ಕೊಡ್ತೀನಿ. ಅದನ್ನ ಮಾತ್ರ ಕೇಳಬೇಡಿ."

"ನಮ್ಮಪ್ಪ ಹೇಳಿದ್ದು ಅಲ್ವಾ?" ಎಂದಳು ಚೈತನ್ಯಾ. ಹೌದು ಎನ್ನು ಎಂದು ಬೇಡಿಕೊಳ್ಳುವ ಹಾಗಿತ್ತು ಆ ಪ್ರಶ್ನೆ. "ನೀನು ಚಿಕ್ಕೋನಿದ್ದಾಗ ಅಪ್ಪ ಹೇಳಿರಬೇಕು."

ಕಿರಣ್ ಬಾಯಿ ತೆರೆದ. ಸುಳ್ಳು ಅವನ ನಾಲಿಗೆಯ ತುದಿಗೆ ಬಂದದ್ದನ್ನು ವಂದನಾ ಕಂಡಳು. ನಾಳೆ ಬರುತ್ತೇನೆ ಎನ್ನುವಷ್ಟೇ ಸುಲಭದ ಸುಳ್ಳು ಅದು. ಅವನು ಹೇಳುವಷ್ಟರಲ್ಲಿ ಹಲಗೆಯ ಮೇಲಿದ್ದ ಅವನ ಫೋನು ಮೊಳಗಿತು.

ಹತ್ತಿರ ಇದ್ದವಳು ಚೈತನ್ಯಾ. ಪರದೆಯ ಮೇಲೆ ಮೂಡಿದ ಹೆಸರನ್ನು ಓದಿದಳು. ಅಜ್ಜಿ.

ಕಿರಣ್ ಕೈ ಚಾಚಿದ. ಅವಳು ಫೋನನ್ನು ಎತ್ತಿ, ಸ್ಪೀಕರ್ ಒತ್ತಿ, ಹೊನ್ನೆ ಕಂಬದ ಮೇಲೆ ಇಟ್ಟಳು.

"ಕಿರಣಾ, ನಾನು ಕಣಾ," ಎಂದಿತು ಕೆರಿಯಮ್ಮನ ದನಿ, ಮೆಲ್ಲಗೆ, ಅಕ್ಕಪಕ್ಕ ಯಾರೋ ಇದ್ದಾರೆಂಬ ಹೆದರಿಕೆಯಲ್ಲಿ. "ಕನ್ನಮ್ಮ ಅಂಗಡಿಗೆ ಹೋಗಿದಾಳೆ, ಅದ್ಕೇ ಈಗ ಮಾಡ್ದೆ. ನಾಳೆ ಪಟ್ಟಿ ಬಿಚ್ತಾರಂತೆ. ನಾಲ್ಕನೇದೂ ಮುಟ್ಟಿಸ್ದ್ಯಾ ಮಗಾ?"

ಹೊರಗೆ ಹಕ್ಕಿಗಳು ಕೂಗುತ್ತಲೇ ಇದ್ದವು.

"ಅಜ್ಜಿ, ಆಮೇಲೆ ಮಾತಾಡ್ತೀನಿ," ಎಂದ ಕಿರಣ್.

"ಆಮೇಲೆ ಬ್ಯಾಡ. ನಾಳೆ ನಾಳೆ ಅಂತ ನಂಗೂ ಹೇಳಬ್ಯಾಡ. ಆ ಗೀರಿನ ಕಂಬ ಕೊಡಕ್ಕೆ ನಿಂಗೆ ಮನಸ್ಸು ಬರ್ತಿಲ್ಲ, ಗೊತ್ತು ನಂಗೆ. ನಂಗೆ ಬರ್ತದಾ? ಆದ್ರೂ ಕಳಿಸ್ಬಿಡು. ನಾಲ್ಕೂ ಅವ್ರ ಅಂಗಳಕ್ಕೆ ತಿರುಗಿ ಮುಟ್ಟಿದ ಮೇಲೆ, ಮುಳುಗಿದ ಊರಿನ ಆ ಮಾತು ಎತ್ತಲ್ಲ ಅಂತ ದೇವರ ಮುಂದೆ ಹೇಳಿದಾರೆ. ಚೈತನ್ಯಂಗೆ ಮಾತ್ರ ಗೊತ್ತಾಗಬಾರ್ದು. ಅವಳಿಗೆ ಅವಳಜ್ಜ ಅಂದ್ರೆ ದೇವ್ರು."

ಚೈತನ್ಯಾಳ ಎರಡೂ ಕೈ ಕಂಬವನ್ನು ಹಿಡಿದಿದ್ದವು. ಯಾವ ಮಾತು ಎಂದು ಅವಳು ಕಿರಣನನ್ನು ಕಣ್ಣಿನಲ್ಲೇ ಕೇಳಿದಳು.

"ಕೇಳ್ತಾ ಇದೀಯಾ?" ಎಂದಳು ಅಜ್ಜಿ. "ಇವತ್ತೇ ಕಳಿಸು. ತೀರ್ಥಹಳ್ಳಿ ಸುಬ್ಬಣ್ಣಯ್ಯ ಬೆಳಿಗ್ಗೆನೇ ಫೋನ್ ಮಾಡಿದ್ರು. ಅವ್ರ ಮಗಳೇ ಹುಡುಕ್ತಾ ಇದಾಳಂತಲ್ಲ. ಅವಳ ಕೈಗೆ ಸಿಗೋ ಮುಂಚೆ ತಲುಪಬೇಕು ಅಂದ್ರು."

ಕಿರಣ್ ಮುಂದೆ ಬಾಗಿ ಫೋನು ಕಟ್ ಮಾಡಿದ.

ನಾಕು ಕಂಬಕ್ಕೆ ಇಷ್ಟೆಲ್ಲ ಎಂತಕ್ಕೆ ಕೂಸೆ?

ಒಂದು ಮನೆಯ ಕಂಬ ಎಂದಷ್ಟೇ ವಂದನಾ ಅಪ್ಪನಿಗೆ ಹೇಳಿದ್ದಳು. ಎಷ್ಟು ಎಂದು ಹೇಳಿರಲಿಲ್ಲ. ಆ ಮಾತು ಬೆಳಿಗ್ಗೆ ಕಿವಿಗೆ ಬಿದ್ದಿತ್ತು. ಬೇರೆ ಯಾರ ಬಾಯಿಂದ ಬಂದಿದ್ದರೂ ಅವಳು ಅಲ್ಲೇ ಹಿಡಿಯುತ್ತಿದ್ದಳು. ವಾರದಿಂದ ದಿನವೂ ಬಂದ ಫೋನುಗಳು, ಎಲ್ಲಿದ್ದೀಯೆ ಎಂಬ ಕಾಳಜಿ, ಮನೆಗೆ ಬಾ ಎಂಬ ಒತ್ತಾಯ, ಎಲ್ಲವೂ ಒಂದೊಂದಾಗಿ ತಿರುಗಿ ನಿಂತವು. ಇವತ್ತು ಎಲ್ಲಿಗೆ ಹೊರಟಿದ್ದೇನೆಂದು ಅಪ್ಪನಿಗೆ ತಿಳಿಸಿದ್ದವಳೂ ತಾನೇ.

ಕಿರಣ್ ಅವಳ ಮುಖವನ್ನು ನೋಡುತ್ತಿದ್ದ. ಅವಳು ತನ್ನ ಪರಿಚಯ ಹೇಳಿದ ಗಳಿಗೆಯಿಂದ, ಇವಳು ಯಾರ ಮಗಳೆಂದು ಅವನಿಗೆ ಗೊತ್ತಿತ್ತು.

"ಮಗಳೇ ಹುಡುಕ್ತಾ ಇದಾಳೆ ಅಂದ್ರೆ?" ಚೈತನ್ಯಾ ಕಂಬದಿಂದ ಕೈ ತೆಗೆದು ನಿಧಾನವಾಗಿ ತಿರುಗಿದಳು. "ಇದನ್ನ ಹುಡುಕ್ತಾ ಇರೋದು ನೀವೊಬ್ರೇ ಅಲ್ವಾ ಮೇಡಂ?"